ಸಾವಿರ ಪ್ರತಿ ಬೇಡ, ತಮ್ಮಾ

ಪ್ರೀತಿಯ ತಮ್ಮನಿಗೆ,

ನಿನ್ನ ಕಾದಂಬರಿಯನ್ನು ಎರಡು ಸಲ ಓದಿದೆ. ಮೊದಲು ಒಂದೇ ಗುಕ್ಕಿಗೆ, ಆಮೇಲೆ ಪೆನ್ಸಿಲ್ ಹಿಡಿದು. ಜೊತೆಗೆ ಪ್ರೆಸ್ಸಿನವರ ಕೊಟೇಶನ್ನೂ ಕಳಿಸಿದ್ದೀಯ. ಡೆಮಿ 1/8 ಅಳತೆ, 240 ಪುಟ, ಸಾವಿರ ಪ್ರತಿ. ಅದನ್ನು ಸದ್ಯಕ್ಕೆ ಮಡಚಿ ಇಡು.

ಅಪ್ಪ ಅಟ್ಟ ಹತ್ತಿ, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವ ಪುಟ ಇದೆಯಲ್ಲ, ಅದನ್ನು ಓದಿ ಸುಮ್ಮನೆ ಕೂತುಬಿಟ್ಟೆ. ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ರೇಟು ಬಿದ್ದಿದೆ ಅಂತ ನೀನು ಅಲ್ಲಿ ಹೇಳುವುದೇ ಇಲ್ಲ. ಅವನು ಅದೇ ಕಾಯನ್ನು ಮೂರನೇ ಸಲ ಅಲ್ಲಾಡಿಸುವಾಗ ನನಗೇ ಗೊತ್ತಾಯಿತು. ಆದರೆ ಮುಂದಿನ ಸಾಲಿನಲ್ಲೇ ‘ಅವನ ಮನಸ್ಸು ಚಿಂತೆಯ ಸಾಗರದಲ್ಲಿ ಮುಳುಗಿತ್ತು’ ಅಂತ ಬರೆದಿದ್ದೀಯ. ಯಾಕಪ್ಪಾ? ಓದುವವನ ಮೇಲೆ ನಂಬಿಕೆ ಇಲ್ವಾ? ಹೊಡೆದು ಹಾಕು.

ಅಜ್ಜಿ ವಿಷಯ. ‘ಈ ವ್ಯವಸ್ಥೆ ಬದಲಾಗಬೇಕು ಮಗು’ ಅನ್ನುತ್ತಾಳೆ. ಟಿವಿ ಚರ್ಚೆಗೆ ಬಂದವಳ ಹಾಗೆ. ನಿಮ್ಮಜ್ಜಿ ಸೊಸೆ ಮೇಲೆ ಸಿಟ್ಟು ಬಂದಾಗ ಏನಂತಾರೆ, ಕೇಳಿಸಿಕೊಂಡು ಬರಿ. ಮಾತುಕತೆ ಇರುವ ಪುಟಗಳನ್ನೆಲ್ಲ ಗಟ್ಟಿಯಾಗಿ ಓದು, ನಾಲಿಗೆ ತೊಡರಿದ ಕಡೆ ಗುರುತು ಹಾಕು. ಮನೆಯವರು ನಗುತ್ತಾರೆ. ನಮ್ಮನೆಯಲ್ಲೂ ನಗುತ್ತಿದ್ದರು.

ಮೊದಲ 30 ಪುಟ ಬರೀ ವಂಶಾವಳಿ. ಕತೆ ಶುರುವಾಗುವುದು ಅಣ್ಣ ಬೋರ್‌ವೆಲ್ ದುಡ್ಡು ತೆಗೆದುಕೊಂಡು ಮನೆ ಬಿಟ್ಟ ರಾತ್ರಿ. ಅಲ್ಲಿಂದಲೇ ಶುರು ಮಾಡು.

ಪ್ರಕಾಶಕರು ಯಾರೂ ಉತ್ತರ ಕೊಡಲಿಲ್ಲ, ನಾನೇ ಹಾಕುತ್ತೇನೆ ಅಂದಿದ್ದೀಯ. ತಪ್ಪೇನಿಲ್ಲ. ಹಳೆಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ನನಗೆ ಹೆದರಿಕೆ ದುಡ್ಡಿನದಲ್ಲ. ಸ್ವಂತ ಪುಸ್ತಕ ಹಾಕುವಾಗ ‘ಇದು ಬೇಡ’ ಅನ್ನುವವರೇ ಇರುವುದಿಲ್ಲ. ಪುಟ ಜೋಡಿಸುವ ಡಿಟಿಪಿಯವರಿಗೆ ಪುಟಕ್ಕಿಷ್ಟು, ಪ್ರೆಸ್ಸಿನವರಿಗೆ ಫಾರಮಿಗಿಷ್ಟು, ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟಕ್ಕಿಷ್ಟು. ಪುಟ ಜಾಸ್ತಿಯಾದಷ್ಟೂ ಅವರಿಗೆ ಒಳ್ಳೆಯದೇ, 30 ಪುಟ ತೆಗಿ ಅಂತ ಯಾಕೆ ಹೇಳುತ್ತಾರೆ? ನಿನ್ನ 240 ಪುಟ ಅಂದರೆ 16 ಪುಟದ 15 ಫಾರಂ. ವಂಶಾವಳಿ ತೆಗೆದರೆ ಹೆಚ್ಚುಕಡಿಮೆ ಎರಡು ಫಾರಂ ಉಳಿಯುತ್ತದೆ, ಕತೆಯೂ ಉಳಿಯುತ್ತದೆ.

ನನ್ನ ಮೊದಲ ಕಥಾಸಂಕಲನ ನಾನೇ ಹಾಕಿದ್ದು, ಸಾವಿರ ಪ್ರತಿ. ಬಿಡುಗಡೆ ದಿನ 60 ಹೋದವು, ಅದರಲ್ಲಿ ಅರ್ಧ ನೆಂಟರು. ಅಂಗಡಿಯವರೊಬ್ಬರು ಶೇಕಡಾ 40 ಕಮಿಷನ್ನಿಗೆ ಇಟ್ಟುಕೊಂಡರು, ಮಾರಿದ ಮೇಲೆ ದುಡ್ಡು ಅಂದರು. ಅದನ್ನು ಕೇಳಲು ಮೂರು ಸಲ ಹೋಗಿ ಬಂದ ಬಸ್‌ಚಾರ್ಜೇ ಜಾಸ್ತಿಯಾಯಿತು. ಉಳಿದದ್ದೆಲ್ಲ ಮಂಚದ ಕೆಳಗೆ. ಎಷ್ಟೋ ಮದುವೆಗಳಿಗೆ ಅದನ್ನೇ ಉಡುಗೊರೆ ಕೊಟ್ಟಿದ್ದೇನೆ. ಒಂದು ಮಳೆಗಾಲ ಗೆದ್ದಲು ಹಿಡಿಯಿತು. ಆಮೇಲೆ ಓದಿ ನೋಡಿದರೆ, ಹನ್ನೆರಡು ಕತೆಗಳಲ್ಲಿ ಐದನ್ನು ಅಚ್ಚು ಹಾಕಿಸಲೇಬಾರದಿತ್ತು. ಯಾರಾದರೂ ಹೇಳಿದ್ದರೆ ಅವತ್ತು ಜಗಳ ಆಡುತ್ತಿದ್ದೆ ಅನ್ನೋದೂ ನಿಜ.

ಅದಕ್ಕೇ ‘ಬೇಡ’ ಅನ್ನುವವರನ್ನು ಹುಡುಕಿಕೋ. ನಿನ್ನನ್ನು ಇಷ್ಟಪಡದ ಒಬ್ಬರಿಗೆ ಓದಲು ಕೊಡು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಅರ್ಜಿ ಕರೆದಾಗ ಹಸ್ತಪ್ರತಿ ಕಳಿಸು. ಆಯ್ಕೆ ಆಗದಿದ್ದರೂ ಗುರುತು ಪರಿಚಯ ಇಲ್ಲದವರು ಓದಿದ ಹಾಗಾಯಿತು.

ಅಷ್ಟಾದ ಮೇಲೆ ಡಿಜಿಟಲ್‌ನಲ್ಲಿ ನೂರು ಪ್ರತಿ ಹಾಕಿಸು. ಒಂದೊಂದಕ್ಕೆ ಖರ್ಚು ಜಾಸ್ತಿ ಬೀಳುತ್ತದೆ, ಆದರೆ ಮಂಚದ ಕೆಳಗೆ ಏನೂ ಉಳಿಯುವುದಿಲ್ಲ. ಖಾಲಿಯಾದರೆ ಜಾಸ್ತಿ ಪ್ರತಿ ಹಾಕಿಸೋಕೆ ಆಫ್‌ಸೆಟ್ ಇದ್ದೇ ಇದೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಾಯಿಸಿದ ಮೇಲೆ ಕರಡನ್ನು ಮತ್ತೆ ಪೂರ್ತಿ ಓದಬೇಕು. ಒತ್ತಕ್ಷರ, ಅರ್ಕಾವೊತ್ತು ಎಲ್ಲೆಲ್ಲಿಗೋ ಹಾರಿರುತ್ತವೆ. ನೀನೇ ಓದಬೇಡ, ನಿನ್ನ ಕಣ್ಣಿಗೆ ಬೀಳುವುದಿಲ್ಲ. ಪುಸ್ತಕದ ಗುರುತಿನ ಸಂಖ್ಯೆ, ಅದೇ ಐಎಸ್‌ಬಿಎನ್, ಕೊಡಿಸುತ್ತೇವೆ ಅಂತ ಯಾರೋ ದುಡ್ಡು ಕೇಳಿದ್ದಾರಂತಲ್ಲ, ಕೊಡಬೇಡ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು.

ಮುಖಪುಟಕ್ಕೆ ನಿನ್ನದೇ ಫೋಟೋ ಅಂತ ಬರೆದಿದ್ದೀಯ. ಅದರ ಬಗ್ಗೆ ಎದುರಿಗೆ ಸಿಕ್ಕಾಗ ಮಾತಾಡೋಣ.

ಪೆನ್ಸಿಲ್ ಗುರುತಿರುವ ಹಸ್ತಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ನನ್ನ ಆ ಸಂಕಲನದ ಒಂದು ಪ್ರತಿಯನ್ನೂ ಇಟ್ಟಿದ್ದೇನೆ. ಅಂಚನ್ನು ಗೆದ್ದಲು ತಿಂದಿದೆ, ಓದೋಕೆ ತೊಂದರೆ ಇಲ್ಲ.

ನಿನ್ನ,
ಮೇಷ್ಟ್ರು