ಕಾರ್ಡ್ ಕೆಟ್ಟಿದೆ ಎನ್ನುವ ಮೊದಲು ಕ್ಯಾಬಿನೆಟ್ ತೆರೆದು ನೋಡಲಿ

ಮಾನ್ಯ ಸಂಪಾದಕರೆ,

ದಾವಣಗೆರೆಯಲ್ಲಿ ಮದುವೆ, ಗೃಹಪ್ರವೇಶಗಳ ವಿಡಿಯೊ ಎಡಿಟಿಂಗ್ ಮಾಡಿಕೊಂಡು ಜೀವನ ನಡೆಸುತ್ತಿರುವ ನಾನು, ಹೊಸ ಕಂಪ್ಯೂಟರ್ ಮಾರುವವರೂ ಕೊಳ್ಳುವವರೂ ಗಮನಿಸಬೇಕಾದ ಒಂದು ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ತಿಳಿಸಬಯಸುತ್ತೇನೆ. ಹೊಸದಾಗಿ ಜೋಡಿಸಿದ ಕಂಪ್ಯೂಟರಿನಲ್ಲಿ, ಚಿತ್ರ ಮತ್ತು ವಿಡಿಯೊಗಳ ಭಾರ ಹೊರುವ ಗ್ರಾಫಿಕ್ಸ್ ಕಾರ್ಡ್ ಡಿಟೆಕ್ಟ್ ಆಗದಿದ್ದರೆ (ಯಂತ್ರಕ್ಕೆ ಕಾಣದಿದ್ದರೆ), ಮುಚ್ಚಳವನ್ನೂ ತೆಗೆಯದೆ ‘ಕಾರ್ಡ್ ಡೆಡ್ ಆಗಿದೆ’ ಎಂದು ಹೇಳಿ ಗ್ರಾಹಕರನ್ನು ವಾರಗಟ್ಟಲೆ ಕಾಯಿಸುವ ರೂಢಿ ನಿಲ್ಲಬೇಕು. ಕಾರ್ಡಿನ ಹೆಸರು ಪರದೆಯ ಮೇಲೆ ಕಾಣುವುದನ್ನು ಗ್ರಾಹಕರ ಎದುರಿನಲ್ಲೇ ತೋರಿಸಿ ಯಂತ್ರವನ್ನು ಒಪ್ಪಿಸುವ ಪದ್ಧತಿ ನಮ್ಮ ಊರಿನಲ್ಲಿ ಬರಬೇಕು.

ಕಳೆದ ಲಗ್ನಸರಿಗೆ ಮುಂಚೆ, 4ಕೆ ವಿಡಿಯೊಗಳ ಭಾರವನ್ನು ಹಳೆಯ ಯಂತ್ರ ತಾಳದ ಕಾರಣ ನಗರದ ಒಂದು ಅಂಗಡಿಯಲ್ಲಿ ಹೊಸ ಕಂಪ್ಯೂಟರ್ ಜೋಡಿಸಿಕೊಂಡೆ. ಒಟ್ಟು ಹಣದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಗ್ರಾಫಿಕ್ಸ್ ಕಾರ್ಡಿಗೇ ಹೋಯಿತು. ಅಂಗಡಿಯ ಹುಡುಗ ಅದನ್ನು ಆಟೊದಲ್ಲಿ ತಂದು ಮಾನಿಟರ್ ಜೋಡಿಸಿ, ವಿಂಡೋಸ್ ತೆರೆದುಕೊಳ್ಳುವುದನ್ನು ತೋರಿಸಿ ಹೊರಟುಹೋದ. ಪರದೆಯಲ್ಲಿ ಚಿತ್ರ ಮೂಡಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಕೆಲಸಕ್ಕೆ ಕುಳಿತಾಗ ಮಾತ್ರ ತಾಳಿ ಕಟ್ಟುವ ದೃಶ್ಯ ಹೆಜ್ಜೆ ಹೆಜ್ಜೆಗೂ ತಡವರಿಸಿ ನಿಲ್ಲತೊಡಗಿತು. ಯಂತ್ರದ ಬಿಡಿಭಾಗಗಳ ಪಟ್ಟಿ ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು ನೋಡಿದರೆ ‘ಡಿಸ್‌ಪ್ಲೇ ಅಡಾಪ್ಟರ್ಸ್’ ಎಂಬಲ್ಲಿ ಪ್ರೊಸೆಸರಿನೊಳಗೇ ಇರುವ ಇಂಟೆಲ್ ಗ್ರಾಫಿಕ್ಸ್ ಒಂದೇ ಇತ್ತು, ದುಡ್ಡು ಕೊಟ್ಟು ತಂದ ಕಾರ್ಡಿನ ಸುಳಿವೇ ಇರಲಿಲ್ಲ. ಮಾನಿಟರಿನ ಕೇಬಲ್ಲನ್ನು ಕಾರ್ಡಿನ ಬದಲು ಮದರ್‌ಬೋರ್ಡಿಗೆ (ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಫಲಕಕ್ಕೆ) ಚುಚ್ಚಿದ್ದರಿಂದ ಈ ಕೊರತೆ ಮೊದಲ ದಿನ ಮರೆಯಾಗಿ ಉಳಿದಿತ್ತು.

ದೂರು ಕೊಟ್ಟ ಮೇಲೆ ಬಂದ ಹುಡುಗ ಎರಡು ಸಲ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಹಾಕಲು ನೋಡಿದ. ಹೊಂದುವ ಹಾರ್ಡ್‌ವೇರ್ ಸಿಗಲಿಲ್ಲ ಎಂದು ಎರಡು ಸಲವೂ ಅದು ನಿಂತುಹೋಯಿತು. ಕಂಪ್ಯೂಟರಿಗೆ ಕಾರ್ಡೇ ಕಾಣದಿರುವಾಗ ಡ್ರೈವರ್ ಹಾಕಿ ಪ್ರಯೋಜನವಿಲ್ಲ, ತೊಂದರೆಯನ್ನು ಕ್ಯಾಬಿನೆಟ್ಟಿನ ಒಳಗೆ ಹುಡುಕಬೇಕು ಎಂದು ಆ ಸಂದೇಶವೇ ಹೇಳುತ್ತಿತ್ತು. ಆದರೆ ನನಗೆ ಸಿಕ್ಕ ಉತ್ತರ, ಕಾರ್ಡನ್ನು ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಕಳಿಸಬೇಕು, ಮೂರು ವಾರ ಹಿಡಿಯುತ್ತದೆ ಎಂಬುದು. ಹರಿಹರದ ಒಂದು ಮನೆಯವರಿಗೆ ಆ ವಾರದ ಕೊನೆಗೆ ಮಗಳ ಮದುವೆಯ ವಿಡಿಯೊ ಕೊಡುವುದಾಗಿ ನಾನು ಮಾತು ಕೊಟ್ಟಿದ್ದೆ.

ಅಂದು ರಾತ್ರಿ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಕಾರ್ಡಿನ ತಳದಲ್ಲಿರುವ ಚಿನ್ನದ ಬಣ್ಣದ ಹಲ್ಲುಗಳು ಪೂರ್ತಿಯಾಗಿ ಮದರ್‌ಬೋರ್ಡಿನ ಸ್ಲಾಟಿನೊಳಗೆ ಮುಳುಗಿರಬೇಕು. ಇಲ್ಲಿ ಕ್ಯಾಬಿನೆಟ್ಟಿನ ಹಿಂಬದಿಯ ತುದಿ ಸರಿಯಾಗಿ ಕುಳಿತಿದ್ದರೂ ಒಳತುದಿಯಲ್ಲಿ ಸುಮಾರು ಎರಡು ಮಿಲಿಮೀಟರಿನಷ್ಟು ಹೊಳೆಯುವ ಗೆರೆ ಹೊರಗೆ ಕಾಣುತ್ತಿತ್ತು, ಸ್ಲಾಟಿನ ತುದಿಯ ಪ್ಲಾಸ್ಟಿಕ್ ಕೊಂಡಿ ಬಾಯಿ ತೆರೆದೇ ಇತ್ತು. ಹಿಂಬದಿಯ ಸ್ಕ್ರೂಗಳನ್ನು ಮೊದಲೇ ಬಿಗಿದ ಸೆಳೆತಕ್ಕೆ, ಏತದ ಒಂದು ತುದಿ ತಗ್ಗಿದಾಗ ಇನ್ನೊಂದು ಏರುವಂತೆ, ಒಳತುದಿ ಮೇಲೆದ್ದಿತ್ತು. ಸ್ಕ್ರೂ ಸಡಿಲಿಸಿ, ಕಾರ್ಡನ್ನು ಹೊರತೆಗೆದು, ಮತ್ತೆ ನೇರವಾಗಿ ಇಟ್ಟು ಎರಡೂ ತುದಿಗಳನ್ನು ಸಮನಾಗಿ ಒತ್ತಿದಾಗ ಕೊಂಡಿ ‘ಟಕ್’ ಎಂದು ಹಿಡಿಯಿತು. ಮಾನಿಟರಿನ ಕೇಬಲ್ಲನ್ನು ಕಾರ್ಡಿಗೆ ಬದಲಿಸಿ ಯಂತ್ರ ಚಾಲೂ ಮಾಡಿದೆ; ಕಾರ್ಡಿನ ಹೆಸರು ಬಂತು. ಮೂರು ವಾರದ ಕೆಲಸವೆಂದು ಹೇಳಿದ್ದು ಕಾಲು ಗಂಟೆಯಲ್ಲಿ ಮುಗಿಯಿತು.

ಕಾರ್ಡ್ ನಿಜವಾಗಿಯೂ ಸುಟ್ಟಿರುವುದು ಉಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ತೀರ್ಮಾನಕ್ಕೆ ಬರುವ ಮೊದಲು ನೋಡಬೇಕಾದವು ಹಲವಿವೆ. ಕೆಲವು ಹೊಸ ಕಾರ್ಡುಗಳ ಹಲ್ಲಿನ ಮೇಲೆ ರಕ್ಷಣೆಗೆಂದು ತೊಡಿಸಿರುವ ಪ್ಲಾಸ್ಟಿಕ್ ಪಟ್ಟಿಯನ್ನು ಕಳಚಿದ್ದಾರೆಯೇ ಎಂದು ನೋಡಬೇಕು. ಅದಕ್ಕಿಂತ ಮುಖ್ಯವಾದದ್ದು ವಿದ್ಯುತ್ತಿನ ವಿಚಾರ. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡುಗಳಿಗೆ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಿಂದ) ನೇರವಾಗಿ ಕೇಬಲ್ ಎಳೆಯಬೇಕು. 6 ಪಿನ್ನಿನ ಕೇಬಲ್ 75 ವ್ಯಾಟ್, 8 ಪಿನ್ನಿನದು 150 ವ್ಯಾಟ್ ಒಯ್ಯುವ ಲೆಕ್ಕದಲ್ಲಿ ಮಾಡಿದ್ದು. ಪ್ರೊಸೆಸರಿಗೆ ಹೋಗುವ ಕೇಬಲ್ಲೂ 8 ಪಿನ್ನಿನದೇ ಆಗಿದ್ದು ನೋಟಕ್ಕೆ ಒಂದೇ ತೆರನಾಗಿ ಕಂಡರೂ ಅದು ಸಾಮಾನ್ಯವಾಗಿ ನಾಲ್ಕು ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ, ಕಾರ್ಡಿನದು ಆರು ಮತ್ತು ಎರಡಾಗಿ. ಬಲವಂತದಿಂದ ಒಂದರ ಜಾಗಕ್ಕೆ ಇನ್ನೊಂದನ್ನು ತುರುಕಬಾರದು. ಹಾಗೆಯೇ ಒಂದು ಎಸ್‌ಎಂಪಿಎಸ್‌ನ ಬಿಚ್ಚುವ ಕೇಬಲ್ಲನ್ನು ಬೇರೆ ಕಂಪನಿಯ ಎಸ್‌ಎಂಪಿಎಸ್‌ಗೆ ಹಾಕುವುದು ಅಪಾಯಕಾರಿ, ಏಕೆಂದರೆ ಆ ತುದಿಯ ತಂತಿಗಳ ಜೋಡಣೆಗೆ ಎಲ್ಲರೂ ಪಾಲಿಸುವ ಒಂದೇ ನಿಯಮವಿಲ್ಲ. ಚೆನ್ನಾಗಿದ್ದ ಕಾರ್ಡೂ ಇದರಿಂದ ಸುಟ್ಟುಹೋಗಬಹುದು. ಫ್ಯಾನ್ ತಿರುಗುತ್ತಿಲ್ಲ ಎಂಬುದು ಕಾರ್ಡ್ ಕೆಟ್ಟಿರುವುದಕ್ಕೆ ಸಾಕ್ಷಿಯಾಗಲಾರದು, ಈಗಿನ ಹಲವು ಕಾರ್ಡುಗಳಲ್ಲಿ ಬಿಸಿಯೇರುವ ತನಕ ಫ್ಯಾನ್ ನಿಂತೇ ಇರುತ್ತದೆ.

ಇನ್ನು ಕೆಲವರ ಯಂತ್ರದಲ್ಲಿ ಡಿಸ್‌ಪ್ಲೇಯೇ ಬರುವುದಿಲ್ಲ. ಇಂಟೆಲ್ ಕೋರ್ ಪ್ರೊಸೆಸರಿನ ಸಂಖ್ಯೆಯ ಕೊನೆಗೆ ‘ಎಫ್’ ಅಕ್ಷರವಿದ್ದರೆ ಅದರಲ್ಲಿ ಒಳ ಗ್ರಾಫಿಕ್ಸ್ ಇರುವುದಿಲ್ಲ. ಅಂಥ ಯಂತ್ರದಲ್ಲಿ ಮಾನಿಟರನ್ನು ಮದರ್‌ಬೋರ್ಡಿಗೆ ಜೋಡಿಸಿ ಪರದೆ ಕಪ್ಪಾಗಿದೆ ಎಂದು ಗಾಬರಿಪಡುವವರನ್ನು ನಾನೇ ಕಂಡಿದ್ದೇನೆ. ಹಳೆಯ ಕಾರ್ಡನ್ನು ಹೊಸ ಮದರ್‌ಬೋರ್ಡಿಗೆ ಹಾಕಿದವರಿಗೆ ಇನ್ನೊಂದು ತೊಡಕುಂಟು: ಯುಇಎಫ್‌ಐ (ಯಂತ್ರ ಚಾಲೂ ಆಗುವ ಹೊಸ ಪದ್ಧತಿ) ಬೆಂಬಲವಿಲ್ಲದ ಕಾರ್ಡ್, ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ಸಿಎಸ್‌ಎಂ (ಹಳೆಯ ಪದ್ಧತಿಗೆ ಹೊಂದಿಕೊಳ್ಳುವ ವ್ಯವಸ್ಥೆ) ಆಫ್ ಮಾಡಿದ್ದಾಗ ಚಿತ್ರ ಕೊಡುವುದಿಲ್ಲ. ಹಲವು ಮದರ್‌ಬೋರ್ಡುಗಳಲ್ಲಿ ‘ವಿಜಿಎ’ ಎಂದು ಬರೆದ ಪುಟ್ಟ ದೀಪವೊಂದಿದ್ದು, ತೊಂದರೆ ಕಾರ್ಡಿನ ಕಡೆಯದೆಂದು ಅದು ಸೂಚಿಸುತ್ತದೆ. ಇಷ್ಟೆಲ್ಲ ನೋಡಿದ ಮೇಲೂ ಸಂಶಯ ಉಳಿದರೆ ಅದೇ ಕಾರ್ಡನ್ನು ಸರಿಯಾಗಿ ನಡೆಯುವ ಇನ್ನೊಂದು ಯಂತ್ರಕ್ಕೆ ಹಾಕಿ ನೋಡುವುದೇ ನಂಬಬಹುದಾದ ಪರೀಕ್ಷೆ. ಮನೆಯಲ್ಲಿ ಎರಡನೇ ಕಂಪ್ಯೂಟರ್ ಇಲ್ಲದ ಗ್ರಾಹಕರು ಇದನ್ನು ಮಾಡಲಾರರು, ಅಂಗಡಿಯವರು ಖಂಡಿತ ಮಾಡಬಲ್ಲರು.

ಬಿಲ್ಲಿನ ವಿಷಯವನ್ನೂ ಹೇಳಲೇಬೇಕು. ನನಗೆ ಕೊಟ್ಟ ಬಿಲ್ಲಿನಲ್ಲಿ ‘ಗ್ರಾಫಿಕ್ಸ್ ಕಾರ್ಡ್ – 1’ ಎಂದಷ್ಟೇ ಇತ್ತು. ಮಾಡೆಲ್ ಹೆಸರಿಲ್ಲ, ಕಾರ್ಡಿನ ಮೇಲಿನ ಸೀರಿಯಲ್ ನಂಬರ್ ಇಲ್ಲ. ಕಾರ್ಡನ್ನು ಬೆಂಗಳೂರಿಗೆ ಕಳಿಸಿದ್ದರೆ ಮರಳಿ ಬರುವುದು ಅದೇ ಕಾರ್ಡ್ ಎಂದು ನಾನು ಯಾವ ಆಧಾರದಿಂದ ಹೇಳಬಹುದಿತ್ತು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೂ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ವಾಪಸು ಪಡೆದು ಹಣ ಮರಳಿಸಲು ಒಪ್ಪದಿರುವುದೂ ಅನುಚಿತ ವ್ಯಾಪಾರ ಪದ್ಧತಿಗಳೇ. ಬಿಡಿಭಾಗಗಳನ್ನು ಬೇರೆ ಊರಿನಿಂದ ತರಿಸಿಕೊಂಡವರೂ ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ದಾಖಲಿಸಲು ಈ ಕಾಯ್ದೆ ಅವಕಾಶ ಕೊಟ್ಟಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ನಮ್ಮದು ಎಂಜಿನಿಯರಿಂಗ್ ಕಾಲೇಜುಗಳ ಊರು. ತೊಳಹುಣಸೆಯಲ್ಲಿ ವಿಶ್ವವಿದ್ಯಾನಿಲಯವೂ ಇದೆ. ಹೊನ್ನಾಳಿ, ಜಗಳೂರು, ಚನ್ನಗಿರಿ ಕಡೆಯ ಹಳ್ಳಿಗಳಿಂದ ಬರುವ ತಂದೆ ತಾಯಿಗಳು ಅಡಿಕೆ, ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕೊಡಿಸುತ್ತಾರೆ. ಕಾರ್ಡ್ ಕೆಟ್ಟಿದೆ ಎಂದು ಅಂಗಡಿಯಲ್ಲಿ ಹೇಳಿದರೆ ಮರುಮಾತಾಡುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು? ಆದ್ದರಿಂದ ಮಾರಾಟಗಾರರಲ್ಲಿ ನನ್ನ ವಿನಂತಿ ಇಷ್ಟು. ಯಂತ್ರವನ್ನು ಒಪ್ಪಿಸುವಾಗ ಮಾನಿಟರನ್ನು ಕಾರ್ಡಿಗೇ ಜೋಡಿಸಿ, ಡಿವೈಸ್ ಮ್ಯಾನೇಜರಿನಲ್ಲಿ ಅದರ ಹೆಸರನ್ನು ಗ್ರಾಹಕರಿಗೆ ತೋರಿಸಿ, ಮಾಡೆಲ್ ಮತ್ತು ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆದುಕೊಡಲಿ. ಆಟೊದಲ್ಲೋ ಬಸ್ಸಿನಲ್ಲೋ ಸಾಗಿಸುವುದಾದರೆ ಭಾರದ ಕಾರ್ಡನ್ನು ಕಳಚಿ ಅದರ ಪೆಟ್ಟಿಗೆಯಲ್ಲಿಟ್ಟು ಕಳಿಸಿ, ಮನೆಯಲ್ಲಿ ಜೋಡಿಸಿಕೊಡಲಿ. ದೂರು ಬಂದಾಗ ಕಳಿಸುವ ಹುಡುಗನ ಕೈಗೆ ಪೆನ್‌ಡ್ರೈವಿನ ಜೊತೆಗೆ ಒಂದು ಸ್ಕ್ರೂಡ್ರೈವರನ್ನೂ ಒಂದು ಟಾರ್ಚನ್ನೂ ಕೊಟ್ಟು ಕಳಿಸಲಿ.

ಇಂತಿ ತಮ್ಮ ವಿಶ್ವಾಸಿ,
ವಿಡಿಯೊ ಎಡಿಟರ್, ವಿದ್ಯಾನಗರ, ದಾವಣಗೆರೆ