ಪೂರ್ಣಾಂಕ ಕೊನೆಯಲ್ಲಿ ಒಮ್ಮೆ ಮಾತ್ರ ಆಗಲಿ

ಮಾನ್ಯ ಸಂಪಾದಕರೇ,

ಸೆಮಿಸ್ಟರ್ ಅಂಕಗಳ ದಶಮಾಂಶವನ್ನು ಯಾವ ಹಂತದಲ್ಲಿ, ಹೇಗೆ ಪೂರ್ಣಾಂಕಕ್ಕೆ ತರಬೇಕೆಂಬ ನಿಯಮ ಸ್ಪಷ್ಟವಿಲ್ಲದ ಕಡೆ ವಿದ್ಯಾರ್ಥಿಯ ಗ್ರೇಡ್ ಅದೃಷ್ಟದ ಪಾಲಾಗುತ್ತದೆ. ಕಿರುಪರೀಕ್ಷೆಯಲ್ಲಿ 24.5, ಅಸೈನ್‌ಮೆಂಟಿನಲ್ಲಿ 14.5, ಅಂತಿಮ ಪರೀಕ್ಷೆಯಲ್ಲಿ 50.5 ಪಡೆದವರ ಮೊತ್ತ 89.5. ಕೊನೆಯಲ್ಲಿ ಒಮ್ಮೆ ರೌಂಡ್ ಆಫ್ ಮಾಡಿದರೆ 90. ಪ್ರತಿ ಹಂತದಲ್ಲೂ ಮೇಲಕ್ಕೇರಿಸಿದರೆ 91. ಪ್ರತಿ ಸಲ ದಶಮಾಂಶ ಕೈಬಿಟ್ಟರೆ 88! ಮೇಲಿನ ಗ್ರೇಡ್ 90ಕ್ಕೆ ಆರಂಭವಾಗುವುದಾದರೆ, ಬರೆದ ಉತ್ತರ ಅದೇ ಆದರೂ ಗ್ರೇಡ್ ಬೇರೆ.

ಎರಡು ಸಲ ರೌಂಡ್ ಆಫ್ ಮಾಡುವುದೂ ಉಂಟು. ಆಗ 89.46 ಮೊದಲು 89.5 ಆಗಿ, ಬಳಿಕ 90 ಆಗುತ್ತದೆ. ನೇರವಾಗಿ ಮಾಡಿದರೆ ಬರುವುದು 89. ಕೆಲವು ತಂತ್ರಾಂಶಗಳಂತೂ ಅರ್ಧವನ್ನು ಹತ್ತಿರದ ಸಮಸಂಖ್ಯೆಗೆ ಒಯ್ಯುತ್ತವೆ: 85.5 ಇದ್ದದ್ದು 86 ಆದರೆ, 84.5 ಇದ್ದದ್ದು 84ಕ್ಕೆ ಇಳಿಯುತ್ತದೆ. ಶಾಲೆಯಲ್ಲಿ ಕಲಿತ ಲೆಕ್ಕವನ್ನೇ ನಂಬಿದ ವಿದ್ಯಾರ್ಥಿಗೆ ಇದು ಅರ್ಥವಾಗುವುದಾದರೂ ಹೇಗೆ?

ದಶಮಾಂಶವನ್ನು ಕೊನೆಯವರೆಗೂ ಉಳಿಸಿಕೊಂಡು, ಒಟ್ಟು ಮೊತ್ತವನ್ನಷ್ಟೇ ಪೂರ್ಣಾಂಕಕ್ಕೆ ತರಬೇಕು. ಈ ನಿಯಮವನ್ನು ಸೆಮಿಸ್ಟರ್ ಆರಂಭದಲ್ಲೇ ಪ್ರಕಟಿಸಿ, ಅಂಕಪಟ್ಟಿಯಲ್ಲಿ ಗ್ರೇಡ್ ಪಕ್ಕದಲ್ಲಿ ಮೂಲ ಅಂಕವನ್ನೂ ಮುದ್ರಿಸಲಿ.

– ಓರ್ವ ಓದುಗ