ಹಳೇ ಡೀರೈಲರ್ ಲೆಕ್ಕ ಹೇಳಿಕೊಟ್ಟವರಿಗೆ

ಹೆಸರು ಕೇಳುವಷ್ಟರಲ್ಲಿ ನೀವು ಹೊರಟುಬಿಟ್ಟಿರಿ ಸರ್. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಳೇ ಸೈಕಲ್ಲಿನ ಹಿಂದಿನ ಡೀರೈಲರ್‌ಗೆ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಯಾವ ಗೇರ್ ಹೊಂದುತ್ತದೆ ಅನ್ನೋದನ್ನ ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ! ಅದು ಎಷ್ಟು ದೊಡ್ಡ ಹಲ್ಲುಚಕ್ರದವರೆಗೆ ಹೋಗುತ್ತದೆ ಅನ್ನೋದು ಒಂದು ಲೆಕ್ಕ. ಎಷ್ಟು ಸಡಿಲ ಚೈನನ್ನು ಎಳೆದು ಹಿಡಿಯುತ್ತದೆ ಅನ್ನೋದು ಬೇರೆಯೇ ಲೆಕ್ಕ. ಮುಂದಿನ ಚಕ್ರಗಳಿಗೆ 52 ಮತ್ತು 42 ಹಲ್ಲು, ಹಿಂದಿನವಕ್ಕೆ 14ರಿಂದ 28 ಹಲ್ಲು ಇದ್ದರೆ, ಮುಂದಿನ ವ್ಯತ್ಯಾಸ 10ಕ್ಕೆ ಹಿಂದಿನ ವ್ಯತ್ಯಾಸ 14 ಸೇರಿ 24 ಹಲ್ಲಿನಷ್ಟು ಸಡಿಲ ಚೈನನ್ನು ಅದು ಎಳೆದು ಹಿಡಿಯಬೇಕು. ಇಷ್ಟು ಸುಲಭ ಅಲ್ವಾ!

ಕ್ಲಿಕ್ ಇಲ್ಲದೆ ಲಿವರ್ ಸರಿಸಿ ಗೇರ್ ಬದಲಿಸುವ ಫ್ರಿಕ್ಷನ್ ಶಿಫ್ಟರ್‌ಗೆ ಡೀರೈಲರ್ ಕಂಪನಿ ಯಾವುದಾದರೂ ಸಾಮಾನ್ಯವಾಗಿ ನಡೆಯುತ್ತದೆ. ಕ್ಲಿಕ್ ಆಗುವ ಇಂಡೆಕ್ಸ್ ಶಿಫ್ಟರ್‌ಗೆ ಮಾತ್ರ ಕೇಬಲ್ ಎಳೆತ (ಪ್ರತಿ ಕ್ಲಿಕ್‌ಗೆ ಕೇಬಲ್ ಎಷ್ಟು ಸರಿಯುತ್ತದೆ ಅನ್ನೋದು) ಡೀರೈಲರ್‌ಗೆ ಹೊಂದಲೇಬೇಕು. ಶಿಮಾನೋ ಕಂಪನಿಯದ್ದರಲ್ಲೇ ಹಳೇ 7400 ಡ್ಯೂರಾ-ಏಸ್ ಮಾದರಿಯ ಎಳೆತ ಬೇರೆ ಅಂತ ನೀವು ಹೇಳಿದ್ದು ದೊಡ್ಡ ಉಪಕಾರ. ಸುಮ್ನೆ ಹೊಸ ಶಿಫ್ಟರ್ ಕೊಳ್ಳುವುದು ತಪ್ಪಿತು. ಹಳೇ ಫ್ರಿಕ್ಷನ್ ಲಿವರನ್ನೇ ಇಟ್ಟುಕೊಂಡೆ, ಗೇರ್ ಸರಾಗವಾಗಿ ಬೀಳುತ್ತಿದೆ. ತುಂಬಾ ಥ್ಯಾಂಕ್ಸ್ ಸರ್.